ನಲವತ್ತು ಮೊಟ್ಟೆಗಳ ಲೆಕ್ಕ: ಬೊಲೋನ್ಯಾದ ಮನೆತನದ ಊಟದ ಮನೆಗಳು

ಹಿರಿಯರೇ, ಸ್ನೇಹಿತರೇ,

ಇಟಲಿಯ ಊಟದ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕೇಳಿದಾಗ, ಇಡೀ ಇಟಲಿಯ ಬಗ್ಗೆ ಮಾತನಾಡುವುದು ನನ್ನಿಂದಾಗದು ಎಂದು ಮೊದಲೇ ತಿಳಿಸಿದ್ದೆ. ಪಲೆರ್ಮೊದ ಊಟಕ್ಕೂ ಮಿಲಾನಿನ ಊಟಕ್ಕೂ ಇರುವ ಅಂತರ, ಬೀದರಿನ ಊಟಕ್ಕೂ ಮಂಗಳೂರಿನ ಊಟಕ್ಕೂ ಇರುವ ಅಂತರಕ್ಕಿಂತ ಕಡಿಮೆಯೇನಲ್ಲ. ಆದ್ದರಿಂದ ನಾನು ಕೆಲಸದ ನಿಮಿತ್ತ ಕೆಲವು ವರ್ಷ ವಾಸವಾಗಿದ್ದ ಒಂದೇ ಊರನ್ನು, ಉತ್ತರ ಇಟಲಿಯ ಬೊಲೋನ್ಯಾವನ್ನು, ಅದರಲ್ಲಿಯೂ ಅಲ್ಲಿನ ಮನೆತನಗಳು ನಡೆಸುವ ಸಣ್ಣ ಊಟದ ಮನೆಗಳನ್ನು ಮಾತ್ರ ಇಂದು ನಿಮ್ಮ ಮುಂದಿಡುತ್ತೇನೆ. ಇವುಗಳನ್ನು ಅಲ್ಲಿ ತ್ರಾತ್ತೊರಿಯಾ ಎನ್ನುತ್ತಾರೆ.

ಬೊಲೋನ್ಯಾಕ್ಕೆ ಅದರ ಜನರೇ ಇಟ್ಟುಕೊಂಡ ಮೂರು ಅಡ್ಡಹೆಸರುಗಳಿವೆ: ವಿದ್ಯಾವಂತೆ, ಕೆಂಪಿ, ದಪ್ಪಗಿನವಳು. ವಿದ್ಯಾವಂತೆ ಏಕೆಂದರೆ 1088ರಲ್ಲಿ ಆರಂಭವಾಯಿತೆಂದು ಎಣಿಸುವ ವಿಶ್ವವಿದ್ಯಾಲಯ ಅಲ್ಲಿದೆ. ಕೆಂಪಿ ಏಕೆಂದರೆ ಇಟ್ಟಿಗೆಯ ಗೋಡೆಗಳ, ಹೆಂಚುಗಳ ಬಣ್ಣ ಅದು, ಮುಂದೆ ಎಡಪಂಥದ ರಾಜಕೀಯವೂ ಆ ಹೆಸರಿಗೆ ಇನ್ನೊಂದು ಅರ್ಥ ಕೊಟ್ಟಿತು. ದಪ್ಪಗಿನವಳು ಏಕೆಂದರೆ ಪೋ ನದಿಯ ಬಯಲಿನ ಗೋಧಿ, ಹಾಲು, ಮೊಟ್ಟೆ, ಹಂದಿಮಾಂಸ ಎಲ್ಲವೂ ಆ ಊರಿನ ಅಡುಗೆಮನೆಗೆ ಬಂದು ಸೇರುತ್ತವೆ. ಈ ಮೂರನೆಯ ಹೆಸರನ್ನು ಕಾಪಾಡಿದವರು ದೊಡ್ಡ ಹೋಟೆಲುಗಳವರಲ್ಲ. ಎಂಟು ಹತ್ತು ಮೇಜುಗಳನ್ನಿಟ್ಟುಕೊಂಡು, ಅಡುಗೆಮನೆಯಲ್ಲಿ ತಾಯಿ, ಮೇಜುಗಳ ನಡುವೆ ಮಗ, ಗಲ್ಲಾಪೆಟ್ಟಿಗೆಯ ಹಿಂದೆ ಸೊಸೆ ಎಂಬಂತೆ ನಡೆಯುವ ಮನೆತನದ ಅಂಗಡಿಗಳು ಅದನ್ನು ಕಾಪಾಡಿದವು.

ಮೊದಲು ಎರಡು ಮಾತು ಹೆಸರುಗಳ ಬಗ್ಗೆ. ಓಸ್ತೆರಿಯಾ ಎಂಬುದು ಹಳೆಯ ಪದ. ಆತಿಥೇಯ ಎಂಬ ಅರ್ಥದ ಮೂಲದಿಂದ ಬಂದದ್ದು, ಹಿಂದೆ ಮುಖ್ಯವಾಗಿ ದ್ರಾಕ್ಷಾರಸ ಕುಡಿಯುವ ಜಾಗವಾಗಿತ್ತು. ಬೊಲೋನ್ಯಾದ ಹಳೆಯ ಮಾರುಕಟ್ಟೆಯ ಓಣಿಯೊಂದರಲ್ಲಿ 1465ರ ಕಾಲದ ಓಸ್ತೆರಿಯಾ ದೆಲ್ ಸೋಲೆ ಇಂದಿಗೂ ಆ ಪದ್ಧತಿಯಲ್ಲೇ ನಡೆಯುತ್ತಿದೆ. ಅಲ್ಲಿ ಕುಡಿಯಲು ಮಾತ್ರ ಕೊಡುತ್ತಾರೆ. ತಿನ್ನುವುದನ್ನು ಪಕ್ಕದ ಅಂಗಡಿಗಳಿಂದ ನಾವೇ ಕೊಂಡೊಯ್ದು ಮೇಜಿನ ಮೇಲೆ ಬಿಚ್ಚಿಕೊಳ್ಳಬೇಕು. ತ್ರಾತ್ತೊರಿಯಾ ಎಂದರೆ ಅಡುಗೆ ಮಾಡಿ ಬಡಿಸುವ ಮನೆ. ರಿಸ್ತೊರಾಂತೆ ಎಂದರೆ ಬಿಳಿಯ ಮೇಜುವಸ್ತ್ರ, ತರಬೇತಾದ ಮಾಣಿಗಳು, ಉದ್ದನೆಯ ಪಟ್ಟಿ. ಈಗ ಈ ಮೂರು ಹೆಸರುಗಳೂ ಕಲಸಿಹೋಗಿವೆ. ಬಹಳ ದುಬಾರಿಯಾದ ಜಾಗಗಳೂ ಓಸ್ತೆರಿಯಾ ಎಂದು ಫಲಕ ಹಾಕಿಕೊಳ್ಳುತ್ತವೆ. ಹಾಗಾಗಿ ಫಲಕದಿಂದ ಹೆಚ್ಚೇನೂ ತಿಳಿಯುವುದಿಲ್ಲ. ಒಳಗೆ ಹಿಟ್ಟು ಲಟ್ಟಿಸುವ ಹಲಗೆಯನ್ನು ನೋಡಬೇಕು.

ಆ ಹಲಗೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಉಳಿದದ್ದೆಲ್ಲವೂ ಅಲ್ಲಿಂದಲೇ ಹೊರಡುತ್ತದೆ.

ನಾನಿದ್ದ ಮನೆಯ ಕೆಳಗಿನ ಓಣಿಗೆ ಒಂದು ತ್ರಾತ್ತೊರಿಯಾದ ಹಿಂಬದಿಯ ಕಿಟಕಿ ತೆರೆದುಕೊಳ್ಳುತ್ತಿತ್ತು. ಬೆಳಿಗ್ಗೆ ಏಳೂವರೆಗೆ ನಾನು ಕೆಲಸಕ್ಕೆ ಹೊರಡುವಾಗ ಯಜಮಾನನ ತಾಯಿ ಆ ಕಿಟಕಿಯ ಬಳಿ ನಿಂತಿರುತ್ತಿದ್ದರು. ಅವರ ಮುಂದೆ ಒಂದು ಮೇಜಿನಷ್ಟು ಅಗಲದ ಮರದ ಹಲಗೆ, ಅದರ ಮೇಲೆ ನುಣ್ಣನೆಯ ಗೋಧಿಹಿಟ್ಟಿನ ಗುಡ್ಡೆ, ಗುಡ್ಡೆಯ ನಡುವೆ ಬಾವಿಯಂತೆ ತೋಡಿದ ಕುಳಿ. ಮೊಟ್ಟೆಯನ್ನು ಅವರು ನೇರವಾಗಿ ಹಿಟ್ಟಿಗೆ ಒಡೆಯುತ್ತಿರಲಿಲ್ಲ. ಒಂದೊಂದನ್ನೂ ಮೊದಲು ಸಣ್ಣ ಬಟ್ಟಲಿಗೆ ಒಡೆದು, ಮೂಸಿ ನೋಡಿ, ಆಮೇಲೆ ಕುಳಿಗೆ ಸುರಿಯುತ್ತಿದ್ದರು. ಫೋರ್ಕಿನಿಂದ ಕಲಕುತ್ತಾ ಒಳಗೋಡೆಯಿಂದ ಸ್ವಲ್ಪಸ್ವಲ್ಪವೇ ಹಿಟ್ಟನ್ನು ಎಳೆದುಕೊಳ್ಳುತ್ತಿದ್ದರು; ಕುಳಿಯ ಅಂಚು ಒಡೆದು ಮೊಟ್ಟೆ ಹರಿದುಹೋಗದಂತೆ ಎಡಗೈ ಹೊರಗಿನಿಂದ ಆಸರೆಯಾಗಿರುತ್ತಿತ್ತು. ಕಾಲು ಗಂಟೆ ನಾದಿದ ಮೇಲೆ ಹಿಟ್ಟಿನ ಮುದ್ದೆಯನ್ನು ಬೋಗುಣಿಯಿಂದ ಮುಚ್ಚಿ ಅರ್ಧ ಗಂಟೆ ಬಿಡುತ್ತಿದ್ದರು. ಮತ್ತರೆಲ್ಲೊ ಎಂದು ಕರೆಯುವ, ಹಿಡಿಗಳಿಲ್ಲದ, ಹೆಚ್ಚುಕಡಿಮೆ ಒಂದು ಮೀಟರ್ ಉದ್ದದ ಲಟ್ಟಣಿಗೆ ಹೊರಬರುತ್ತಿದ್ದದ್ದು ಅದಾದ ಮೇಲೆ.

ಚಪಾತಿ ಲಟ್ಟಿಸುವ ನಮಗೆ ಈ ಕೆಲಸ ಪರಿಚಿತವೆನಿಸಬಹುದು, ಆದರೆ ಚಲನೆ ಬೇರೆ. ಹಾಳೆ ದೊಡ್ಡದಾಗುತ್ತಾ ಹೋದಂತೆ ಅದರ ಒಂದು ಅಂಚನ್ನು ಹಲಗೆಯಿಂದ ಕೆಳಗೆ ಇಳಿಬಿಡುತ್ತಾರೆ. ಇಳಿಬಿದ್ದ ಭಾಗದ ಭಾರವೇ ಉಳಿದದ್ದನ್ನು ಎಳೆಯುತ್ತದೆ. ಅಂಗೈಗಳು ಲಟ್ಟಣಿಗೆಯ ನಡುವಿನಿಂದ ತುದಿಗಳಿಗೆ ಜಾರುತ್ತವೆ. ಹಾಳೆಯನ್ನು ಲಟ್ಟಣಿಗೆಗೆ ಸುತ್ತಿ, ಕಾಲು ಸುತ್ತು ತಿರುಗಿಸಿ, ಮತ್ತೆ ಬಿಚ್ಚುತ್ತಾರೆ. ಹೀಗೆ ಹಿಗ್ಗಿಸಿದ, ಮುಂದೆ ಪಾಸ್ತಾ ಆಗಿ ಕೊಯ್ಯುವ ಹಾಳೆಗೆ ಸ್ಫೋಲ್ಯಾ ಎಂದು ಹೆಸರು, ಹಿಗ್ಗಿಸುವಾಕೆಗೆ ಸ್ಫೋಲ್ಯೀನಾ. ಹಾಳೆ ಸಿದ್ಧವಾಯಿತೇ ಎಂದು ತಿಳಿಯಲು ಬೊಲೋನ್ಯಾದಲ್ಲಿ ಒಂದು ಮಾತಿದೆ: ಅದನ್ನು ಬೆಳಕಿಗೆ ಎತ್ತಿ ಹಿಡಿದರೆ ಅದರ ಮೂಲಕ ಸಾನ್ ಲೂಕಾ ಕಾಣಬೇಕು. ಸಾನ್ ಲೂಕಾ ಎಂದರೆ ಊರಿನ ಹೊರಗಿನ ಗುಡ್ಡದ ಮೇಲಿರುವ ಮಾತೆ ಮರಿಯಳ ಗುಡಿ. 666 ಕಮಾನುಗಳ, ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಮೊಗಸಾಲೆಯೊಂದು ಊರಿನಿಂದ ಅಲ್ಲಿಯವರೆಗೆ ಹತ್ತಿಹೋಗುತ್ತದೆ. ನಮ್ಮ ಓಣಿಯ ಕಿಟಕಿಯಿಂದ ಗುಡ್ಡ ಕಾಣುತ್ತಿರಲಿಲ್ಲ. ಆದರೂ ಆ ತಾಯಿ ಹಾಳೆಯನ್ನು ಎತ್ತಿ ಹಿಡಿದಾಗ ಎದುರು ಮನೆಯ ಹಸಿರು ಬಾಗಿಲು ಅದರ ಹಿಂದೆ ಮಸುಕಾಗಿ ಕಾಣುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಯಂತ್ರದಲ್ಲಿಯೂ ಹಾಳೆ ಮಾಡಬಹುದು. ಬಹಳ ಕಡೆ ಹಾಗೆಯೇ ಮಾಡುತ್ತಾರೆ. ಯಂತ್ರದ ಉರುಳೆಗಳು ಹಿಟ್ಟನ್ನು ಒತ್ತಿ ನುಣುಪಾಗಿಸುತ್ತವೆ, ಮರದ ಲಟ್ಟಣಿಗೆ ಮತ್ತು ಮರದ ಹಲಗೆ ಅದನ್ನು ಎಳೆದು ಹಿಗ್ಗಿಸುತ್ತವೆ. ಮರದ ಮೈಯ ತರಿ ಹಾಳೆಗೂ ಅಂಟುತ್ತದೆ, ಆ ತರಿಗೆ ಸಾರು ಹಿಡಿದುಕೊಳ್ಳುತ್ತದೆ. ತಟ್ಟೆಯ ತಳದಲ್ಲಿ ಸಾರು ಬೇರೆಯಾಗಿ ನಿಂತಿದೆಯೋ, ಎಳೆಗಳನ್ನು ಹತ್ತಿಕೊಂಡಿದೆಯೋ ಎಂದು ನೋಡಿದರೆ ಸಾಕು, ಹಲಗೆಯ ಕೆಲಸವೋ ಉರುಳೆಯ ಕೆಲಸವೋ ಎಂಬುದು ಬಹುಮಟ್ಟಿಗೆ ತಿಳಿದುಹೋಗುತ್ತದೆ. ಹುಬ್ಬಳ್ಳಿ ಕಡೆಯ ಖಾನಾವಳಿಗಳಲ್ಲಿ ಬಡಿದ ರೊಟ್ಟಿಗೂ ಯಂತ್ರದ ರೊಟ್ಟಿಗೂ ಇರುವ ವ್ಯತ್ಯಾಸವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈಗ ಲೆಕ್ಕಕ್ಕೆ ಬರುತ್ತೇನೆ. ಆ ಪ್ರಾಂತ್ಯದಲ್ಲಿ ಹಿಟ್ಟಿನ ಅಳತೆ ಎಲ್ಲರಿಗೂ ಬಾಯಿಪಾಠ: ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ. ಇಟಲಿಯ ದಕ್ಷಿಣದಲ್ಲಿ ಗಡಸು ಗೋಧಿಯ ರವೆಗೆ ನೀರು ಹಾಕಿ ಪಾಸ್ತಾ ಮಾಡುತ್ತಾರೆ. ಉತ್ತರದ ಈ ಬಯಲಿನ ಗೋಧಿ ಮೃದು, ಅದಕ್ಕೆ ಬಿಗಿ ಕೊಡುವುದು ಮೊಟ್ಟೆ. ನೂರು ಗ್ರಾಂ ಹಿಟ್ಟು ಮತ್ತು ಒಂದು ಮೊಟ್ಟೆ ಸೇರಿದರೆ ಹೆಚ್ಚುಕಡಿಮೆ ಒಬ್ಬರ ತಟ್ಟೆ. ಹಾಗಾಗಿ ಬೆಳಿಗ್ಗೆ ಆ ತಾಯಿ ನಲವತ್ತು ಮೊಟ್ಟೆ ಒಡೆದರೆ ಅಂದು ಆ ಮನೆಯಲ್ಲಿ ನಲವತ್ತು ತಟ್ಟೆ ತಾಜಾ ಪಾಸ್ತಾ ಇದೆ ಎಂದರ್ಥ. ನಲವತ್ತೊಂದನೆಯದು ಇಲ್ಲ. ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ: ಮನೆತನದ ತ್ರಾತ್ತೊರಿಯಾದಲ್ಲಿ ಹೊರಗಿನವರಿಗೆ ವಿಚಿತ್ರವಾಗಿಯೋ ಕಟುವಾಗಿಯೋ ಕಾಣುವ ಪ್ರತಿಯೊಂದು ನಿಯಮವೂ ಆ ಮನೆಯಲ್ಲಿ ಎಷ್ಟು ಕೈಗಳಿವೆ ಎಂಬ ಲೆಕ್ಕದಿಂದ ಹುಟ್ಟಿದ್ದು.

ತಿಂಡಿಪಟ್ಟಿ ಚಿಕ್ಕದಾಗಿರುವುದು ಇದೇ ಕಾರಣಕ್ಕೆ. ಪ್ರೀಮೊ ಎಂಬ ಮೊದಲ ತಟ್ಟೆ ನಾಲ್ಕು ಬಗೆ, ಸೆಕೊಂದೊ ಎಂಬ ಎರಡನೆಯ ತಟ್ಟೆ ನಾಲ್ಕು ಬಗೆ, ಎರಡು ಸಿಹಿ; ಅಷ್ಟರಲ್ಲಿ ಪಟ್ಟಿ ಮುಗಿಯುತ್ತದೆ. ಎಷ್ಟೋ ಕಡೆ ಅಚ್ಚಾದ ಪಟ್ಟಿಯೇ ಇರುವುದಿಲ್ಲ, ಮಗ ಬಂದು ಮೇಜಿನ ಪಕ್ಕ ನಿಂತು ಇಂದು ಏನಿದೆ ಎಂದು ಬಾಯಲ್ಲೇ ಹೇಳುತ್ತಾನೆ. ಅಚ್ಚಾದ ಪಟ್ಟಿ ಇರುವ ಕಡೆ ಕೆಲವು ಹೆಸರುಗಳ ಪಕ್ಕ ನಕ್ಷತ್ರದ ಗುರುತು ಇರುತ್ತದೆ; ಆ ಪದಾರ್ಥ ಶೈತ್ಯೀಕರಿಸಿ ಇಟ್ಟದ್ದು ಎಂಬುದರ ಸೂಚನೆ ಅದು. ಅದನ್ನು ತಿಳಿಸದೆ ತಾಜಾ ಎಂಬಂತೆ ಮಾರುವುದನ್ನು ಇಟಲಿಯ ನ್ಯಾಯಾಲಯಗಳು ವಂಚನೆಯ ಪ್ರಯತ್ನವೆಂದು ಪರಿಗಣಿಸುತ್ತವೆ. ನಕ್ಷತ್ರಗಳೇ ತುಂಬಿದ ಪಟ್ಟಿಯನ್ನು ಕಂಡರೆ ಆ ಮನೆಯಲ್ಲಿ ಬೆಳಗಿನ ಹಲಗೆಯ ಕೆಲಸ ನಿಂತಿದೆ ಎಂದು ನಾನು ತಿಳಿಯುತ್ತೇನೆ.

ಸಮಯದ ನಿಯಮವೂ ಅದೇ ಲೆಕ್ಕದ್ದು. ಬೊಲೋನ್ಯಾಕ್ಕೆ ಬಂದ ಮೊದಲ ವಾರದಲ್ಲಿ ಒಂದು ಮಧ್ಯಾಹ್ನ ಎರಡೂಮುಕ್ಕಾಲಿಗೆ ಒಂದು ತ್ರಾತ್ತೊರಿಯಾಕ್ಕೆ ಹೋದೆ. ಒಳಗೆ ನಾಲ್ಕು ಮೇಜುಗಳಲ್ಲಿ ಜನ ಊಟ ಮಾಡುತ್ತಿದ್ದರು, ಆರು ಮೇಜುಗಳು ಖಾಲಿಯಿದ್ದವು, ಅಡುಗೆಮನೆಯಿಂದ ಬೆಣ್ಣೆಯ ಪರಿಮಳ ಬರುತ್ತಿತ್ತು. ಯಜಮಾನ ಬಂದು ಅಡುಗೆಮನೆ ಮುಚ್ಚಿದೆ ಎಂದರು. ಹಸಿದು ಬಂದವನನ್ನು ಖಾಲಿ ಮೇಜುಗಳ ಮುಂದಿನಿಂದ ಹಿಂದೆ ಕಳಿಸುವುದು ನಮ್ಮ ಕಡೆ ನಡೆಯದ ಮಾತು. ನನಗೆ ಅಂದು ನಿಜವಾಗಿಯೂ ನೋವಾಯಿತು, ಮುಂದೆ ಹಲವು ವಾರ ಆ ಕಡೆ ಕಾಲಿಡಲಿಲ್ಲ. ನಮ್ಮ ಓಣಿಯ ಕಿಟಕಿಯನ್ನು ದಿನವೂ ನೋಡಲು ಆರಂಭಿಸಿದ ಮೇಲೆ ನನಗೆ ತಿಳಿದದ್ದು ಇಷ್ಟು: ಏಳೂವರೆಗೆ ನಿಂತ ಹೆಂಗಸು ಮೂರು ಗಂಟೆಗೆ ಮೊದಲ ಬಾರಿ ಕುಳಿತುಕೊಳ್ಳುತ್ತಾರೆ, ಮನೆಯವರೆಲ್ಲ ಸೇರಿ ತಮ್ಮ ಊಟ ಮಾಡುತ್ತಾರೆ, ಸಂಜೆ ಏಳೂವರೆಗೆ ಬಾಗಿಲು ಮತ್ತೆ ತೆರೆಯಬೇಕು. ಪಾಳಿ ಬದಲಾಯಿಸಲು ಅಲ್ಲಿ ಎರಡನೆಯ ಗುಂಪಿಲ್ಲ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿ ಏಳೂವರೆಯಿಂದ ಹತ್ತು ಎಂಬ ವೇಳೆ, ವಾರದಲ್ಲೊಂದು ದಿನದ ರಜೆ, ಆಗಸ್ಟ್ 15ರ ಫೆರ್ರಗೋಸ್ತೊ ಹಬ್ಬದ ಸುತ್ತಮುತ್ತ ಎರಡು ಮೂರು ವಾರ ಬೀಗ ಹಾಕುವುದು, ಇವೆಲ್ಲ ಒಂದೇ ಕುಟುಂಬದ ದೇಹಗಳಿಗೆ ಬೇಕಾದ ವಿಶ್ರಾಂತಿಯ ಅಳತೆಗಳು. ಮುಂಗಡವಾಗಿ ಫೋನ್ ಮಾಡಿ ಜಾಗ ಕಾದಿರಿಸಿಕೊಳ್ಳಿ ಎನ್ನುವುದೂ ಅದಕ್ಕೇ. ನಾಳೆ ಎಷ್ಟು ಮೊಟ್ಟೆ ಒಡೆಯಬೇಕು ಎಂಬುದು ಇಂದು ರಾತ್ರಿಯೇ ತಿಳಿದರೆ ಅವರಿಗೆ ಅನುಕೂಲ.

ಊಟದ ಕ್ರಮದ ಬಗ್ಗೆ ಬಹಳ ಹೇಳುವುದಿಲ್ಲ. ಮೊದಲು ಆಂತಿಪಾಸ್ತೊ, ಅಂದರೆ ನಾಲಿಗೆಗೆ ಚುರುಕು ಕೊಡುವ ಸಣ್ಣ ತಟ್ಟೆ. ಆಮೇಲೆ ಪ್ರೀಮೊ, ಪಾಸ್ತಾ ಅಥವಾ ಸಾರು. ಆಮೇಲೆ ಸೆಕೊಂದೊ, ಮಾಂಸ ಅಥವಾ ಮೀನು. ಅದರ ಜೊತೆಗೆ ಬೇರೆಯಾಗಿ ಕೇಳಿ ತರಿಸಿಕೊಳ್ಳಬೇಕಾದ ತರಕಾರಿ, ಕೊಂತೋರ್ನೊ. ಕೊನೆಗೆ ಸಿಹಿ, ಕಾಫಿ. ಎಲ್ಲವನ್ನೂ ತಿನ್ನಲೇಬೇಕೆಂಬ ಕಟ್ಟಳೆ ಇಲ್ಲ. ಬೊಲೋನ್ಯಾದವರೇ ವಾರದ ದಿನಗಳಲ್ಲಿ ಒಂದು ಪ್ರೀಮೊ, ಒಂದು ತರಕಾರಿ ತಿಂದು ಏಳುತ್ತಾರೆ. ಆದರೆ ಎಲ್ಲವೂ ಒಟ್ಟಿಗೆ ಮೇಜಿನ ಮೇಲೆ ಬರಲಿ, ಹಂಚಿಕೊಂಡು ತಿನ್ನೋಣ ಎಂಬ ನಮ್ಮ ಪದ್ಧತಿಯನ್ನು ಅಲ್ಲಿ ಬಿಟ್ಟುಕೊಡುವುದು ಒಳ್ಳೆಯದು. ತಾಜಾ ಪಾಸ್ತಾ ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಮಾತ್ರ ಇರುತ್ತದೆ. ನೀವು ತಿನ್ನಲು ಸಿದ್ಧರಾದ ಮೇಲೆಯೇ ಅದನ್ನು ನೀರಿಗೆ ಹಾಕುತ್ತಾರೆ. ತಟ್ಟೆ ಬಂದ ಕೂಡಲೇ ಮಾತು ನಿಲ್ಲಿಸಿ ತಿನ್ನಲು ಆರಂಭಿಸುವುದು ಅಡುಗೆಮನೆಗೆ ನಾವು ತೋರಿಸಬಹುದಾದ ಗೌರವ. ತಟ್ಟೆಯಲ್ಲಿ ಉಳಿದ ಸಾರನ್ನು ಬ್ರೆಡ್ಡಿನ ತುಂಡಿನಿಂದ ಒರೆಸಿ ತಿನ್ನುವುದಕ್ಕೆ ಅಲ್ಲಿ ಪುಟ್ಟ ಬೂಟು ಎಂಬ ಅರ್ಥದ ಮುದ್ದು ಹೆಸರೊಂದಿದೆ. ಮನೆತನದ ಜಾಗಗಳಲ್ಲಿ ಅದನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ.

ಲೆಕ್ಕದ ಚೀಟಿಯಲ್ಲಿ ಕೊಪೆರ್ತೊ ಎಂಬ ಹೆಸರಿನಲ್ಲಿ ತಲೆಗೆ ಇಷ್ಟು ಎಂದು ಎರಡು ಮೂರು ಯೂರೊ ಸೇರಿರುತ್ತದೆ. ಬ್ರೆಡ್ಡು, ಮೇಜುವಸ್ತ್ರ, ಕುಳಿತ ಜಾಗ ಇವುಗಳ ಬಾಬತ್ತು ಅದು. ನಮ್ಮವರು ಅದನ್ನು ಕಂಡು ಮೋಸಹೋದೆವೆಂದು ಸಿಡಿಮಿಡಿಗೊಳ್ಳುವುದನ್ನು ನೋಡಿದ್ದೇನೆ. ಪಟ್ಟಿಯಲ್ಲಿ ಮೊದಲೇ ಅಚ್ಚಾಗಿರುವ ಮೊತ್ತ ಅದು, ಮರೆಮಾಚಿದ್ದೇನಲ್ಲ. ಆ ಮೇಲೆ ಭಕ್ಷೀಸು ಕೊಡಲೇಬೇಕೆಂಬ ಒತ್ತಾಯವೂ ಇಲ್ಲ. ಶೇಕಡಾ 10ರ ತೆರಿಗೆ ಬೆಲೆಯೊಳಗೇ ಸೇರಿರುತ್ತದೆ.

ಬೊಲೋನ್ಯಾದವರು ತಮ್ಮ ಅಡುಗೆಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಎಂಬುದಕ್ಕೆ ಊರಿನ ವಾಣಿಜ್ಯ ಮಂಡಲಿಯ ಕಡತಗಳೇ ಸಾಕ್ಷಿ. 1972ರಲ್ಲಿ ಅಲ್ಲಿ ತಾಲ್ಯಾತೆಲ್ಲೆ ಎಂಬ ಉದ್ದ ಪಟ್ಟಿಯ ಪಾಸ್ತಾದ ಅಗಲವನ್ನು ದಾಖಲಿಸಿ, ಅದರ ಚಿನ್ನದ ಮಾದರಿಯೊಂದನ್ನು ಇಡಲಾಯಿತು. ಬೆಂದ ಮೇಲೆ ಅಗಲ 8 ಮಿಲಿಮೀಟರ್ ಇರಬೇಕು. ಊರಿನ ನಡುವಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೆಯ ಒಂದು ಭಾಗ ಅದು ಎಂದು ಬರೆಯಲಾಯಿತು. ಗೋಪುರ 97 ಮೀಟರಿಗೂ ಸ್ವಲ್ಪ ಎತ್ತರವಿದೆ, ಲೆಕ್ಕ ಸರಿಹೋಗುತ್ತದೆ. 1974ರಲ್ಲಿ ತೊರ್ತೆಲ್ಲೀನಿ ಎಂಬ, ಹೂರಣ ತುಂಬಿ ಮಡಚುವ ಪುಟ್ಟ ಪಾಸ್ತಾದ ಹೂರಣ, 1982ರಲ್ಲಿ ರಗೂ ಎಂಬ ಮಾಂಸದ ಗೊಜ್ಜು ದಾಖಲಾದವು. ಈರುಳ್ಳಿ, ಕ್ಯಾರೆಟ್, ಸೆಲರಿ, ದನದ ಮಾಂಸ, ಹಂದಿಯ ಹೊಟ್ಟೆಯ ಭಾಗ, ದ್ರಾಕ್ಷಾರಸ, ಸ್ವಲ್ಪ ಟೊಮೆಟೊ, ಹಾಲು, ಬೆಳ್ಳುಳ್ಳಿಯಿಲ್ಲ, ಸೊಪ್ಪುಗಳಿಲ್ಲ. ಎರಡು ಗಂಟೆಗೂ ಹೆಚ್ಚು ಕಾಲ ಸಣ್ಣ ಉರಿಯಲ್ಲಿ ಅದು ಕೂರುತ್ತದೆ. ಜಗತ್ತಿನಾದ್ಯಂತ ಸ್ಪಗೆಟ್ಟಿಯ ಮೇಲೆ ಸುರಿದು ಈ ಊರಿನ ಹೆಸರಿನಲ್ಲಿ ಮಾರುವ ತಿಂಡಿ ಈ ಮನೆಗಳಲ್ಲಿಲ್ಲ. ರಗೂ ಸೇರುವುದು ತಾಲ್ಯಾತೆಲ್ಲೆಯ ಜೊತೆ, ಅಗಲ ಪಟ್ಟಿಗೆ ಗೊಜ್ಜು ಹಿಡಿಯುವಂತೆ ದುಂಡನೆಯ ಎಳೆಗೆ ಹಿಡಿಯುವುದಿಲ್ಲ. ಈ ದಾಖಲೆಗಳು ಊರಿನ ಅಭಿಮಾನದ ಗುರುತುಗಳಾಗಿ ನನಗೆ ಪ್ರಿಯವೇ. ಆದರೂ ಒಂದೊಂದು ಮನೆಯ ರಗೂ ಒಂದೊಂದು ಬಗೆ. ನನ್ನ ದೃಷ್ಟಿಯಲ್ಲಿ ಆ ವ್ಯತ್ಯಾಸಕ್ಕಾಗಿಯೇ ಒಂದಕ್ಕಿಂತ ಹೆಚ್ಚು ತ್ರಾತ್ತೊರಿಯಾಗಳಿಗೆ ಹೋಗಬೇಕು.

ತೊರ್ತೆಲ್ಲೀನಿಯ ಬಗ್ಗೆ ಒಂದು ಜನಪ್ರಿಯ ಕಥೆಯಿದೆ. ಬೊಲೋನ್ಯಾ ಮತ್ತು ಮೊದೆನಾ ಊರುಗಳ ನಡುವಿನ ಕಾಸ್ತೆಲ್‌ಫ್ರಾಂಕೊದ ಛತ್ರವೊಂದರಲ್ಲಿ ವೀನಸ್ ದೇವತೆ ತಂಗಿದ್ದಳಂತೆ. ಛತ್ರದವನು ಬೀಗದ ಕಿಂಡಿಯಿಂದ ಅವಳ ಹೊಕ್ಕುಳನ್ನು ಕಂಡು, ಅಡುಗೆಮನೆಗೆ ಓಡಿ ಹಿಟ್ಟಿನಲ್ಲಿ ಅದರ ಆಕಾರವನ್ನು ಮಡಚಿದನಂತೆ. ಕಥೆಯಲ್ಲಿ ಗಂಡಸಿಗೆ ಕೀರ್ತಿ ಬಂದಿದೆ. ನಾನು ಕಂಡ ಮಡಚುವ ಕೈಗಳು ಮಾತ್ರ ಹೆಂಗಸರವು. ಬೆರಳಿನ ಎರಡು ಗೆಣ್ಣಿನಷ್ಟು ಚೌಕ, ನಡುವೆ ಕಡಲೆಕಾಳಿನಷ್ಟು ಹೂರಣ, ಮೂಲೆಯಿಂದ ಮೂಲೆಗೆ ಮಡಚಿ, ಕಿರುಬೆರಳಿಗೆ ಸುತ್ತಿ ತುದಿಗಳನ್ನು ಒತ್ತಿದರೆ ಒಂದಾಯಿತು. ಒಂದು ತಟ್ಟೆಗೆ ಇಂಥವು ಹತ್ತಾರು ಬೇಕು. ಕ್ರಿಸ್ಮಸ್ ಹತ್ತಿರವಾದಂತೆ ನಮ್ಮ ಓಣಿಯ ಕಿಟಕಿಯ ಬಳಿ ಅಕ್ಕ, ಅತ್ತಿಗೆ, ನೆರೆಮನೆಯ ಅಜ್ಜಿ ಎಲ್ಲರೂ ಬಂದು ಕೂರುತ್ತಿದ್ದರು. ಹಪ್ಪಳ ಸಂಡಿಗೆಯ ದಿನಗಳಲ್ಲಿ ನಮ್ಮ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಕೇಳುತ್ತಿದ್ದಂಥದ್ದೇ ಮಾತಿನ ಗುಜುಗುಜು ಅಲ್ಲಿಂದ ಬರುತ್ತಿತ್ತು.

ಸಭೆಯಲ್ಲಿ ಸಸ್ಯಾಹಾರಿಗಳು ಬಹಳ ಮಂದಿ ಇದ್ದೀರಿ. ನಿಮಗೆ ಸ್ಪಷ್ಟವಾಗಿ ಕೆಲವು ಮಾತು ಹೇಳಲೇಬೇಕು. ತೊರ್ತೆಲ್ಲೀನಿಯ ಹೂರಣದಲ್ಲಿ ಹಂದಿಮಾಂಸವಿದೆ, ಅದು ಬೇಯುವ ಬ್ರೋದೊ ಎಂಬ ತಿಳಿಸಾರು ಕೋಳಿ ಮತ್ತು ದನದ ಮಾಂಸದ್ದು. ತರಕಾರಿ ಸಾರಿನಲ್ಲಿಯೂ ಹಂದಿಯ ಕೊಬ್ಬು ಸೇರಿರಬಹುದು. ಹೆಸರಿನಲ್ಲಿ ಹತ್ತಿರವಿರುವ ತೊರ್ತೆಲ್ಲೋನಿ ಬೇರೆ: ಅದು ದೊಡ್ಡದು, ಒಳಗೆ ರಿಕೊತ್ತಾ ಎಂಬ ಮೃದುವಾದ ಗಿಣ್ಣು, ಅಂದರೆ ಚೀಸ್, ಮತ್ತು ಸೊಪ್ಪು, ಮೇಲೆ ಬೆಣ್ಣೆಯಲ್ಲಿ ಹುರಿದ ಸೇಜ್ ಎಲೆ. ನನ್ನ ತಾಯಿ ಬೊಲೋನ್ಯಾಕ್ಕೆ ಬಂದಿದ್ದಾಗ ಅದನ್ನೇ ತರಿಸಿದೆ. ಮೇಜಿನ ಮೇಲೆ ಪಾರ್ಮಿಜಾನೊ ಗಿಣ್ಣಿನ ಬಟ್ಟಲನ್ನು ಇಡಲು ಬಂದ ಯಜಮಾನ, ಅಮ್ಮ ಮಾಂಸ ತಿನ್ನುವುದಿಲ್ಲ ಎಂದು ನಾನು ಹೇಳಿದ್ದು ನೆನಪಾಗಿ ಬಟ್ಟಲನ್ನು ಕೈಯಲ್ಲೇ ಹಿಡಿದು ನಿಂತರು. ಈ ಗಿಣ್ಣನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದು ಕಡ್ಡಾಯ, ಅದನ್ನು ನಿಮ್ಮ ತಾಯಿಗೆ ತಿಳಿಸಿ, ಬೇಡವೆಂದರೆ ಒಳಗಿನ ಹೂರಣಕ್ಕೂ ಅದು ಬಿದ್ದಿದೆ ಎಂಬುದನ್ನೂ ಹೇಳಿ ಎಂದರು. ಅಮ್ಮ ಆ ತಟ್ಟೆಯನ್ನು ಹಿಂದಕ್ಕೆ ಕೊಟ್ಟರು. ಅರ್ಧ ಗಂಟೆಯಲ್ಲಿ ಒಳಗಿನಿಂದ ಎಣ್ಣೆಯಲ್ಲಿ ಬಾಡಿಸಿದ ಪಾಲಕ್, ಬೆಂದ ಬಿಳಿ ಅವರೆಯಂಥ ಕಾಳು, ಸುಟ್ಟ ಬ್ರೆಡ್ಡು ಬಂತು. ಮಾರಾಟವಾಗಿಹೋಗಿದ್ದ ಒಂದು ತಟ್ಟೆಯ ವಿಷಯದಲ್ಲಿ ಸುಮ್ಮನಿರಬಹುದಾಗಿದ್ದ ಮನುಷ್ಯ ಹಾಗೆ ಸುಮ್ಮನಿರಲಿಲ್ಲ ಎಂಬುದನ್ನು ನಾನು ಮರೆತಿಲ್ಲ. ಮೊಟ್ಟೆಯನ್ನೂ ತಿನ್ನದವರು ಬೊಲೋನ್ಯಾದ ತಾಜಾ ಪಾಸ್ತಾವನ್ನು ಬಿಟ್ಟು, ಗಡಸು ಗೋಧಿಯ ಒಣ ಪಾಸ್ತಾ ಇದೆಯೇ ಎಂದು ಕೇಳಬೇಕು.

ಆ ಗಿಣ್ಣಿನ ಮಾತು ಬಂದದ್ದರಿಂದ ನಮ್ಮ ದೇಶದವರ ಪಾಲನ್ನೂ ಹೇಳಿಬಿಡುತ್ತೇನೆ. ಗಾಲಿಯಾಕಾರದ ಒಂದು ಪಾರ್ಮಿಜಾನೊ ಗಟ್ಟಿಗೆ 500 ಲೀಟರಿಗೂ ಹೆಚ್ಚು ಹಾಲು ಬೇಕು. ಕನಿಷ್ಠ 12 ತಿಂಗಳು ಅದು ಮಾಗಬೇಕು. ಪೋ ಬಯಲಿನ ಕೊಟ್ಟಿಗೆಗಳಲ್ಲಿ ದನಗಳನ್ನು ನೋಡಿಕೊಳ್ಳುವವರಲ್ಲಿ ದೊಡ್ಡ ಸಂಖ್ಯೆಯವರು ಪಂಜಾಬಿನಿಂದ ಹೋದವರು. ರೆಜ್ಜೊ ಎಮಿಲಿಯಾ ಜಿಲ್ಲೆಯ ನೊವೆಲ್ಲಾರಾ ಎಂಬ ಸಣ್ಣ ಊರಿನಲ್ಲಿ 2000ದಲ್ಲಿ ತೆರೆದ ದೊಡ್ಡ ಗುರುದ್ವಾರವಿದೆ. ತ್ರಾತ್ತೊರಿಯಾದ ಮೇಜಿಗೆ ಬರುವ ಆ ಬಟ್ಟಲಿನ ಹಿಂದೆ ನಸುಕಿನ ನಾಲ್ಕು ಗಂಟೆಗೆ ಹಾಲು ಕರೆಯುವ ಆ ಕೈಗಳೂ ಇವೆ.

ಕೈಗಳ ಈ ಲೆಕ್ಕವನ್ನು ಕಾನೂನು ಬಹಳ ಕಾಲ ಬರೆದುಕೊಂಡಿರಲಿಲ್ಲ. ಬೊಲೋನ್ಯಾದ ಸುತ್ತಲಿನ ಎಮಿಲಿಯಾ ಮತ್ತು ರೊಮಾನ್ಯಾದ ಹಳ್ಳಿಗಳಲ್ಲಿ ಹಿಂದೆ ಪಾಲುಗೇಣಿ ಪದ್ಧತಿಯಿತ್ತು. ದೊಡ್ಡ ಕೂಡುಕುಟುಂಬ ಭೂಮಾಲೀಕನ ನೆಲವನ್ನು ಪಾಲಿಗೆ ಉಳುತ್ತಿತ್ತು. ಅಂಥ ಮನೆಯ ಒಳಾಡಳಿತವನ್ನು ನಡೆಸುವ ಹಿರಿಯ ಹೆಂಗಸನ್ನು ಅಲ್ಲಿನ ಆಡುಮಾತಿನಲ್ಲಿ ಅಜ್‌ದೋರಾ ಎನ್ನುತ್ತಾರೆ, ಆಳುವವಳು ಎಂದರ್ಥ. ಉಗ್ರಾಣ, ಕೋಳಿಗಳು, ಮೊಟ್ಟೆ, ಲಟ್ಟಣಿಗೆ ಅವಳ ಕೈಯಲ್ಲಿದ್ದವು. 1964ರಲ್ಲಿ ಹೊಸ ಪಾಲುಗೇಣಿ ಒಪ್ಪಂದಗಳನ್ನು ಕಾನೂನು ನಿಷೇಧಿಸಿತು; ಅದಕ್ಕೂ ಮೊದಲೇ ಆ ಕುಟುಂಬಗಳು ಊರುಗಳತ್ತ ಹೊರಟಿದ್ದವು. ಹೊಲದ ಮನೆಯ ಲಟ್ಟಣಿಗೆ ಹೀಗೆ ಪೇಟೆಯ ಓಣಿಗೆ ಬಂತು. ಅಂಗಡಿಯ ಪರವಾನಗಿ ಗಂಡನ ಹೆಸರಿನಲ್ಲಿರುತ್ತಿತ್ತು, ದುಡಿಮೆ ಹೆಂಡತಿಯದು, ಮಗಳದು, ಸೊಸೆಯದು. ಮನೆಯವರು ಮನೆಯ ವ್ಯಾಪಾರದಲ್ಲಿ ಮಾಡಿದ ಕೆಲಸ ಪ್ರೀತಿಗಾಗಿ ಮಾಡಿದ್ದು, ಆದ್ದರಿಂದ ಅದಕ್ಕೆ ಸಂಬಳ ಕೇಳುವ ಹಕ್ಕಿಲ್ಲ ಎಂದು ನ್ಯಾಯಾಲಯಗಳು ಸಾಮಾನ್ಯವಾಗಿ ಭಾವಿಸುತ್ತಿದ್ದವು.

1975ರ ಕುಟುಂಬ ಕಾನೂನು ಸುಧಾರಣೆ ಇದನ್ನು ಬದಲಿಸಿತು. ಇಟಲಿಯ ನಾಗರಿಕ ಸಂಹಿತೆಗೆ ಕುಟುಂಬ ಉದ್ಯಮದ ಬಗ್ಗೆ ಹೊಸ ವಿಧಿಯೊಂದು ಸೇರಿತು. ಕುಟುಂಬದಲ್ಲಿಯೋ ಅದರ ಉದ್ಯಮದಲ್ಲಿಯೋ ನಿರಂತರವಾಗಿ ದುಡಿಯುವ ಗಂಡ ಅಥವಾ ಹೆಂಡತಿ, ಮೂರನೆಯ ಹಂತದವರೆಗಿನ ರಕ್ತಸಂಬಂಧಿಗಳು, ಎರಡನೆಯ ಹಂತದವರೆಗಿನ ಮದುವೆಯ ಸಂಬಂಧಿಗಳಿಗೆ ಜೀವನಾಂಶದ ಹಕ್ಕು, ಲಾಭದಲ್ಲಿ ದುಡಿಮೆಗೆ ತಕ್ಕ ಪಾಲು, ದೊಡ್ಡ ನಿರ್ಧಾರಗಳಲ್ಲಿ ಮತ ಬಂದವು. ಹೆಂಗಸಿನ ದುಡಿಮೆ ಗಂಡಸಿನ ದುಡಿಮೆಗೆ ಸಮ ಎಂದು ಆ ವಿಧಿಯಲ್ಲಿಯೇ ಬಿಡಿಸಿ ಬರೆಯಲಾಗಿದೆ. ಮದುವೆಯಾಗದೆ ಒಟ್ಟಿಗೆ ಬಾಳುವ ಸಂಗಾತಿಗೂ ಈ ರಕ್ಷಣೆ ಸಲ್ಲಬೇಕೆಂದು 2024ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟಿತು. ಮನೆತನದ ಊಟದ ಮನೆ ಎಂದಾಗ ನಾವು ಅಜ್ಜಿಯ ಕೈರುಚಿ, ಅಕ್ಕರೆ ಎಂಬ ಮಾತುಗಳನ್ನು ಬೇಗ ಬಳಸುತ್ತೇವೆ. ಅಕ್ಕರೆ ನಿಜ. ಆ ಅಕ್ಕರೆಗೆ ಪಾಲು ಬರೆದುಕೊಟ್ಟ ಈ ವಿಧಿ ನನಗೆ ಅದರಷ್ಟೇ ಆದರಣೀಯ. ನಮ್ಮಲ್ಲಿ ಗಂಡನ ಹೆಸರಿನ ಹೋಟೆಲಿನ ಒಳಗೆ ಇಪ್ಪತ್ತು ವರ್ಷ ಹಿಟ್ಟು ರುಬ್ಬಿದ ಹೆಂಗಸರನ್ನು ಬಲ್ಲವನಾದ್ದರಿಂದ ಅದನ್ನು ಓದಿದ ದಿನ ನಾನು ಬಹಳ ಹೊತ್ತು ಅದನ್ನೇ ಯೋಚಿಸುತ್ತಿದ್ದೆ.

ಇಂಥ ಮನೆಗಳನ್ನು ಉಳಿಸಬೇಕೆಂಬ ಕಾಳಜಿ ಇಟಲಿಯಲ್ಲಿ ಹೊಸದಲ್ಲ. 1986ರಲ್ಲಿ ರೋಮಿನ ಸ್ಪೇನ್ ಚೌಕದಲ್ಲಿ ಮೆಕ್‌ಡೊನಾಲ್ಡ್ಸ್ ತೆರೆದಾಗ ನಡೆದ ವಿರೋಧದ ಹಿನ್ನೆಲೆಯಲ್ಲಿ ಕಾರ್ಲೊ ಪೆತ್ರೀನಿಯವರ ಸ್ಲೋ ಫುಡ್ ಚಳವಳಿ ಬೆಳೆಯಿತು; 1990ರಿಂದ ಆ ಚಳವಳಿಯವರು ದೇಶದ ಓಸ್ತೆರಿಯಾಗಳ ಕೈಪಿಡಿಯನ್ನು ಹೊರತರುತ್ತಿದ್ದಾರೆ. 2025ರ ಡಿಸೆಂಬರಿನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ನಡೆದ ಯುನೆಸ್ಕೊ ಸಭೆ ಇಟಲಿಯ ಅಡುಗೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ದೀಪಾವಳಿ ಆ ಪಟ್ಟಿಗೆ ಸೇರಿದ್ದೂ ಅದೇ ಸಭೆಯಲ್ಲಿ. ಸಂತೋಷದ ವಿಷಯ. ಆದರೆ ಬೊಲೋನ್ಯಾದ ನಡುವಿನ ಬೀದಿಗಳಲ್ಲಿ ಪ್ರವಾಸಿಗರ ಸಾಲು ಉದ್ದವಾದಂತೆ ಬಾಡಿಗೆಯೂ ಏರುತ್ತದೆ, ಏರಿದ ಬಾಡಿಗೆಗೆ ನಲವತ್ತು ತಟ್ಟೆ ಸಾಲದಾಗುತ್ತದೆ, ಆಗ ಕೈಗಳ ಜಾಗಕ್ಕೆ ಯಂತ್ರವೂ ನಕ್ಷತ್ರದ ಗುರುತೂ ಬರುತ್ತವೆ. ಹಾಗಾಗಿ ಅಲ್ಲಿಗೆ ಹೋಗುವವರಿಗೆ ನಾನು ಕೊಡುವ ಸಲಹೆ, ದೊಡ್ಡ ಚೌಕದಿಂದ ಇಪ್ಪತ್ತು ನಿಮಿಷ ಹೊರಕ್ಕೆ ನಡೆಯಿರಿ, ಹಿಂದಿನ ದಿನವೇ ಫೋನ್ ಮಾಡಿ, ಹೇಳಿದ ಹೊತ್ತಿಗೆ ಹೋಗಿ, ಇಂದು ಏನು ಮಾಡಿದ್ದೀರಿ ಎಂದು ಕೇಳಿ ಅದನ್ನೇ ತಿನ್ನಿ.

ನಾನು ಊರು ಬಿಡುವ ಮುನ್ನಿನ ವಾರ ನಮ್ಮ ಓಣಿಯ ಆ ತ್ರಾತ್ತೊರಿಯಾದಲ್ಲಿ ರಾತ್ರಿ ಊಟಕ್ಕೆ ಕುಳಿತಿದ್ದೆ. ಅಂದು ಸಿಹಿಗೆ ಅವರು ಮಾಡಿದ್ದದ್ದು ಅಕ್ಕಿಯನ್ನು ಹಾಲು ಸಕ್ಕರೆಯಲ್ಲಿ ಬೇಯಿಸಿ, ಬಾದಾಮಿ ಸೇರಿಸಿ, ಒಲೆಯಲ್ಲಿ ಸುಟ್ಟು ಸಣ್ಣ ವಜ್ರದಾಕಾರದ ತುಂಡುಗಳಾಗಿ ಕೊಯ್ದ ಬೊಲೋನ್ಯಾದ ಹಳೆಯ ತಿಂಡಿ. ಅದನ್ನು ತಿಂದು ಮುಗಿಸುವ ಹೊತ್ತಿಗೆ ಉಳಿದ ಮೇಜುಗಳೆಲ್ಲ ಖಾಲಿಯಾಗಿದ್ದವು. ಅಡುಗೆಮನೆಯ ಬಾಗಿಲು ತೆರೆದಿತ್ತು. ತಾಯಿ ಹಲಗೆಗೆ ನೀರು ಸೋಕಿಸದೆ, ಅಗಲವಾದ ಕಬ್ಬಿಣದ ಅಲಗಿನಿಂದ ಒಣ ಹಿಟ್ಟಿನ ಚಕ್ಕೆಗಳನ್ನು ಹೆರೆದು ತೆಗೆದು, ಬಟ್ಟೆಯಿಂದ ಒರೆಸಿ, ಗೋಡೆಗೆ ಒರಗಿಸಿ ನಿಲ್ಲಿಸಿದರು. ನಾಳೆ ಎಷ್ಟು ಎಂದು ಮಗನನ್ನು ಕೇಳಿದರು. ಅವನು ಗಲ್ಲಾಪೆಟ್ಟಿಗೆಯ ಬಳಿಯ ಪುಸ್ತಕ ತೆರೆದು ಬೆರಳಿಟ್ಟು ಎಣಿಸಿ ಮೂವತ್ತೆರಡು ಎಂದ. ಆಕೆ ಕಪಾಟಿನಿಂದ ಮೊಟ್ಟೆಗಳನ್ನು ಎರಡೆರಡಾಗಿ ತೆಗೆದು ಬುಟ್ಟಿಗೆ ಎಣಿಸಿಟ್ಟರು. ಮೂವತ್ತೆರಡಾದ ಮೇಲೆ ಒಂದು ಕ್ಷಣ ನಿಂತು, ಬಾಗಿಲ ಕಡೆ ನೋಡಿ, ಯಾರಾದರೂ ಬಂದರೆ ಇರಲಿ ಎಂದು ಇನ್ನೆರಡು ಸೇರಿಸಿದರು.